ಕೀ ತಿರುಗಿಸಿದಾಗ ವೋಲ್ಟ್ ಎಲ್ಲಿ ಹೋಯಿತು?

‘ಸೆಲ್ಫ್ ಎತ್ತುತ್ತಿಲ್ಲ’ ಎಂದು ಒಂದು ಟ್ರ್ಯಾಕ್ಟರ್ ಗ್ಯಾರೇಜಿಗೆ ಬಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ ಬ್ಯಾಟರಿ ಬದಲಾಗುತ್ತದೆ, ಇಲ್ಲವೇ ಸ್ಟಾರ್ಟರ್ ಮೋಟರ್ ಕೆಳಗಿಳಿದು ಕಾರ್ಬನ್, ಬುಷ್ ಎಲ್ಲ ಹೊಸದಾಗುತ್ತದೆ. ಎಷ್ಟೋ ಸಲ ಎರಡೂ ಆಗಿ, ದುಡ್ಡೂ ಕೈಬಿಟ್ಟು, ಕೆಲವೇ ದಿನಗಳಲ್ಲಿ ಅದೇ ಗಾಡಿ ಅದೇ ದೂರು ಹೊತ್ತು ಮತ್ತೆ ಬಂದು ನಿಲ್ಲುತ್ತದೆ. ಬ್ಯಾಟರಿಗೂ ಮೋಟರಿಗೂ ನಡುವೆ ಇರುವ ಕೇಬಲ್ಲು, ಬೋಲ್ಟು, ಸ್ವಿಚ್ಚುಗಳನ್ನು ಯಾರೂ ಅಳೆದಿರುವುದಿಲ್ಲ, ಅಷ್ಟೆ.

ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡಿಗೆ ಈಗಷ್ಟೇ ಸೇರಿದವರಿಗಾಗಿ ಈ ಪಾಠ. ಒಂದು ಡಿಜಿಟಲ್ ಮಲ್ಟಿಮೀಟರ್ ಕೊಂಡು, ಅದರ ಮುಳ್ಳುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿರುವ ರೈತರಿಗೂ ಆದೀತು. ಉದಾಹರಣೆಗೆ ಮೂರು ಸಿಲಿಂಡರಿನ, 12 ವೋಲ್ಟಿನ ಡೀಸೆಲ್ ಟ್ರ್ಯಾಕ್ಟರನ್ನು ಇಟ್ಟುಕೊಳ್ಳೋಣ. ಕಾರಿಗೂ ಪಿಕಪ್ಪಿಗೂ ಇದೇ ಲೆಕ್ಕ. ಲಾರಿಗಳಲ್ಲಿ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಇರುವುದರಿಂದ ಅಲ್ಲಿ ಒಂದೊಂದು ಬ್ಯಾಟರಿಯನ್ನೂ ಬೇರೆಬೇರೆಯಾಗಿ ನೋಡಬೇಕು.

ನಿಂತ ಎಂಜಿನ್ ತಾನಾಗಿ ಏಳಲಾರದು, ಹೊರಗಿನಿಂದ ಯಾರಾದರೂ ತಿರುಗಿಸಬೇಕು. ಹಿಂದೆ ಮುಂಭಾಗಕ್ಕೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು. ಎಂಜಿನ್ ಹಿಂದಕ್ಕೆ ಒದ್ದರೆ ಮುಂಗೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಅದಕ್ಕೂ ಮೊದಲು ಆತ ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟರ್ ಅಳವಡಿಸಿದ್ದವನು. ಸದಾಕಾಲ ಓಡಬೇಕಿಲ್ಲದ, ಕೆಲವೇ ಕ್ಷಣ ದುಡಿದರೆ ಸಾಕಾದ ಮೋಟರನ್ನು ಚಿಕ್ಕದಾಗಿಯೇ ಮಾಡಿ, ಅದರ ಶಕ್ತಿ ಮೀರಿ ದುಡಿಸಬಹುದು ಎಂಬುದು ಆತನಿಗೆ ಅಲ್ಲಿಂದ ಹೊಳೆದಿತ್ತು. ಇಂದಿನ ಸ್ಟಾರ್ಟರ್ ಕೂಡ ಅಂಥದ್ದೇ. ಅದಕ್ಕೇ ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಕೀ ಹಿಡಿಯಬಾರದು. ನಡುವೆ ಒಂದೆರಡು ನಿಮಿಷ ಆರಲು ಬಿಡಬೇಕು.

ಈ ಸರ್ಕ್ಯೂಟಿನಲ್ಲಿ ಎರಡು ದಾರಿಗಳಿವೆ. ಒಂದು ದಪ್ಪ ದಾರಿ: ಬ್ಯಾಟರಿಯ ಪ್ಲಸ್ಸಿನಿಂದ ಹೆಬ್ಬೆರಳು ಗಾತ್ರದ ಕೇಬಲ್, ಅಲ್ಲಿಂದ ಮೋಟರಿನ ಬೆನ್ನ ಮೇಲೆ ಕೂತಿರುವ ಸೊಲೆನಾಯ್ಡಿನ ದೊಡ್ಡ ಬೋಲ್ಟು, ಒಳಗಿನ ತಾಮ್ರದ ಕಾಂಟ್ಯಾಕ್ಟು, ಗಿಡ್ಡ ಪಟ್ಟಿ, ಮೋಟರ್. ಮೋಟರಿನ ಮೈಯಿಂದ ಎಂಜಿನ್, ಎಂಜಿನ್‌ನಿಂದ ಚಾಸಿಸ್, ಚಾಸಿಸ್‌ನಿಂದ ಬ್ಯಾಟರಿಯ ಮೈನಸ್. ಹೋಗುವುದು ಅರ್ಧ ದಾರಿ, ಮರಳುವುದು ಇನ್ನರ್ಧ. ಅರ್ತ್ ಎನ್ನುವ ಈ ಮರಳುವ ಅರ್ಧವನ್ನು ಹೊಸಬರು ಮರೆತೇ ಬಿಡುತ್ತಾರೆ, ಹಳಬರು ಅದನ್ನೇ ಮೊದಲು ಸಂಶಯಿಸುತ್ತಾರೆ. ಇನ್ನೊಂದು ಸಣ್ಣ ದಾರಿ: ಫ್ಯೂಸು, ಕೀ ಸ್ವಿಚ್, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್, ಕೆಲವು ಗಾಡಿಗಳಲ್ಲಿ ಒಂದು ರಿಲೇ, ಕೊನೆಗೆ ಸೊಲೆನಾಯ್ಡಿನ ಸಣ್ಣ ಟರ್ಮಿನಲ್. ಬಹಳಷ್ಟು ಸ್ಟಾರ್ಟರುಗಳಲ್ಲಿ ದೊಡ್ಡ ಬೋಲ್ಟಿನ ಬಳಿ 30 ಎಂದೂ ಸಣ್ಣದರ ಬಳಿ 50 ಎಂದೂ ಕೊರೆದಿರುತ್ತದೆ. ಇದು ಜರ್ಮನಿಯ ಡಿಐಎನ್ ಗುರುತು. ಬಾಯಿಪಾಠ ಮಾಡಿಕೊಳ್ಳಿ, ಮುಂದೆ ಎಲ್ಲೆಲ್ಲೂ ಸಿಗುತ್ತದೆ.

ಕೀ ತಿರುಗಿಸಿದಾಗ ಸಣ್ಣ ದಾರಿಯ ಕರೆಂಟ್ ಸೊಲೆನಾಯ್ಡಿಗೆ ತಲುಪಿ, ಅದರೊಳಗಿನ ಕಬ್ಬಿಣದ ಕೊಂತವನ್ನು ಸೆಳೆಯುತ್ತದೆ. ಆ ಒಂದೇ ಸೆಳೆತಕ್ಕೆ ಎರಡು ಕೆಲಸ ಆಗುತ್ತವೆ. ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಎನ್ನುವ ಚಿಕ್ಕ ಗೇರು ಮುಂದೆ ಸರಿದು ಫ್ಲೈವ್ಹೀಲಿನ ಹಲ್ಲಿಗೆ ಕೂರುತ್ತದೆ, ತಾಮ್ರದ ಕಾಂಟ್ಯಾಕ್ಟು ದಪ್ಪ ದಾರಿಯನ್ನು ಜೋಡಿಸುತ್ತದೆ. ನೀವು ಕೇಳುವ ‘ಟಕ್’ ಸದ್ದು ಇದೇ.

ಇನ್ನು ಪಾಠದ ತಿರುಳಿಗೆ ಬರೋಣ. ನಮ್ಮ ಟ್ರ್ಯಾಕ್ಟರಿನ ಮೋಟರ್ ಎಂಜಿನ್ ತಿರುಗಿಸುವಾಗ 200 ಆಂಪಿಯರ್ ಕರೆಂಟ್ ಎಳೆಯುತ್ತದೆ ಎಂದುಕೊಳ್ಳಿ. ಡೀಸೆಲ್ ಎಂಜಿನ್‌ಗಳಲ್ಲಿ ಇದು ದೊಡ್ಡ ಅಂಕಿಯೇನಲ್ಲ. ದಾರಿಯಲ್ಲಿ ಎಲ್ಲೋ ಒಂದು ತುಕ್ಕು ಹಿಡಿದ ಬೋಲ್ಟು, ಅದರ ರೆಸಿಸ್ಟೆನ್ಸ್ ಬರೀ 0.01 ಓಮ್. ಓಮನ ನಿಯಮದಂತೆ ಗುಣಿಸಿದರೆ 2 ವೋಲ್ಟ್. ಹನ್ನೆರಡರಲ್ಲಿ ಎರಡು ವೋಲ್ಟ್ ಆ ಬೋಲ್ಟಿನಲ್ಲೇ ಬಿಸಿಯಾಗಿ ಹೋಯಿತು. ಅದೇ ಬೋಲ್ಟಿನ ಮೂಲಕ 2 ಆಂಪಿಯರಿನ ಬಲ್ಬು ಉರಿಸಿದರೆ ಕಳೆದುಹೋಗುವುದು 0.02 ವೋಲ್ಟ್ ಮಾತ್ರ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ‘ಹಾರ್ನ್ ಬಡಿಯುತ್ತಿದೆ, ಲೈಟ್ ಚೆನ್ನಾಗಿ ಉರಿಯುತ್ತಿದೆ, ಹಾಗಾದರೆ ವೈರಿಂಗ್ ಸರಿಯಾಗಿದೆ’ ಎಂಬ ವಾದ ಸೋಲುವುದು ಇಲ್ಲೇ.

ಮೀಟರಂತೂ ಆ ಬಲ್ಬಿಗಿಂತಲೂ ಮೋಸಗಾರ. ಡಿಜಿಟಲ್ ಮೀಟರ್ ತನ್ನ ಮೂಲಕ ಬಿಟ್ಟುಕೊಳ್ಳುವ ಕರೆಂಟ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನೂರಾರು ಎಳೆಗಳ ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಕೀ ಮುಟ್ಟದೆ ಅಳೆದಾಗ ಆಚೆ ತುದಿಯಲ್ಲಿ ಅದು 12.6 ಎಂದೇ ತೋರಿಸುತ್ತದೆ. ಗೆದ್ದಲು ತಿಂದ ತೊಲೆಯ ಹಾಗೆ, ಭಾರ ಹೇರುವ ತನಕ ಎಲ್ಲ ಸರಿಯೇ. ಓಮ್ ಅಳೆದು ಹಿಡಿಯೋಣವೆಂದರೆ ಅದೂ ಆಗದು. ಮೀಟರಿನ ಎರಡು ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿದರೇ ಸಾಧಾರಣವಾಗಿ 0.1 ಅಥವಾ 0.2 ಓಮ್ ತೋರಿಸುತ್ತದೆ, ನಾವು ಹುಡುಕುವ 0.01 ಅದರೊಳಗೇ ಮುಳುಗಿಹೋಗುತ್ತದೆ. ಹಾಗಾಗಿ ಸ್ಟಾರ್ಟರ್ ಸರ್ಕ್ಯೂಟಿನಲ್ಲಿ ಬೆಲೆಯಿರುವುದು ಒಂದೇ ಬಗೆಯ ರೀಡಿಂಗಿಗೆ: ಕೀ ಹಿಡಿದಿರುವಾಗ, ಕರೆಂಟ್ ಹರಿಯುತ್ತಿರುವಾಗ ತೆಗೆದ ವೋಲ್ಟೇಜಿಗೆ.

ಕೈ ಹಾಕುವ ಮುನ್ನ ಕೆಲವು ಮಾತು, ಇವುಗಳಲ್ಲಿ ರಿಯಾಯಿತಿ ಇಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಉಂಗುರ, ಕೈಗಡಿಯಾರ, ಕಡಗ ತೆಗೆದಿಡಿ. ಸ್ಪ್ಯಾನರ್ ಪ್ಲಸ್ಸಿಗೂ ಚಾಸಿಸ್ಸಿಗೂ ತಾಗಿದರೆ ಕೆಂಪಗೆ ಕಾಯುತ್ತದೆ, ನಡುವೆ ಉಂಗುರ ಸಿಕ್ಕರೆ ಬೆರಳೂ ಸುಡುತ್ತದೆ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಚಾರ್ಜ್ ಆದ ಬ್ಯಾಟರಿಯ ಸುತ್ತ ಹೈಡ್ರೋಜನ್ ಇರುತ್ತದೆ, ಬೀಡಿ ಸಿಗರೇಟು ದೂರವಿರಲಿ. ನಮ್ಮಲ್ಲಿ ಬಹಳ ಜನ ಮಾಡುವ ಇನ್ನೊಂದು ಕೆಲಸವಿದೆ: ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ಎರಡು ಬೋಲ್ಟು ತಾಗಿಸಿ ಎಂಜಿನ್ ಎಬ್ಬಿಸುವುದು. ಗಾಡಿ ಗೇರಿನಲ್ಲಿದ್ದರೆ ಎಂಜಿನ್ ಎದ್ದ ಮರುಕ್ಷಣ ಹಿಂದಿನ ಚಕ್ರ ನಿಮ್ಮ ಮೇಲೆ ಹತ್ತುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಕ್ಲಚ್ ಸ್ವಿಚ್ಚನ್ನು ಅಲ್ಲಿಟ್ಟಿರುವುದೇ ಇದಕ್ಕೆ.

ಪರೀಕ್ಷೆಯ ಹೊತ್ತಿಗೆ ಎಂಜಿನ್ ತಿರುಗಬೇಕು, ಆದರೆ ಎದ್ದು ಓಡಬಾರದು. ಹಳೆಯ ಟ್ರ್ಯಾಕ್ಟರಿನಲ್ಲಿ ಸ್ಟಾಪ್ ಕೇಬಲ್ ಎಳೆದು ಹಿಡಿದರೆ ಸಾಕು. ಹೊಸದರಲ್ಲಿ ಡೀಸೆಲ್ ತಡೆಯುವ ಸೊಲೆನಾಯ್ಡಿನ ತಂತಿ ಕಳಚಬೇಕು. ಒಬ್ಬರು ಕೀ ಹಿಡಿಯಲಿ, ಇನ್ನೊಬ್ಬರು ಮೀಟರ್. ಒಬ್ಬರೇ ಮಾಡುವ ಕೆಲಸವಲ್ಲ ಇದು. ಮೀಟರಿನ ಕೆಂಪು ತಂತಿ ವೋಲ್ಟ್ ತೂತಿನಲ್ಲಿದೆಯೇ, 10 ಆಂಪಿಯರ್ ತೂತಿನಲ್ಲಿ ಉಳಿದಿಲ್ಲವೇ ನೋಡಿಕೊಳ್ಳಿ. ಆ ತೂತಿನಲ್ಲಿಟ್ಟುಕೊಂಡು ಬ್ಯಾಟರಿಗೆ ಮುಳ್ಳು ತಾಗಿಸಿದರೆ ಬ್ಯಾಟರಿಯನ್ನು ನೇರ ಶಾರ್ಟ್ ಮಾಡಿದಂತೆ.

ಮೀಟರಿಗೂ ಮೊದಲು ಕಿವಿ, ಕಣ್ಣು. ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಲೈಟ್ ಸ್ವಲ್ಪವೂ ಮಂಕಾಗದೆ, ಟಕ್ ಸದ್ದೂ ಬಾರದಿದ್ದರೆ ದೋಷ ಬಹುತೇಕ ಸಣ್ಣ ದಾರಿಯಲ್ಲಿದೆ. ಲೈಟ್ ಪೂರ್ತಿ ಆರಿಹೋದರೆ ಬ್ಯಾಟರಿ ಇಳಿದಿದೆ ಅಥವಾ ಬ್ಯಾಟರಿಯ ತಲೆಯ ಮೇಲಿನ ಕ್ಲ್ಯಾಂಪ್ ಸಡಿಲವಾಗಿದೆ. ‘ಟರ್ರ್’ ಎಂದು ಒಂದೇ ಸಮನೆ ಬಡಿದುಕೊಂಡರೆ ಸೊಲೆನಾಯ್ಡ್ ಹಿಡಿಯುತ್ತಿದೆ, ಕಾಂಟ್ಯಾಕ್ಟು ಕೂತೊಡನೆ ವೋಲ್ಟೇಜ್ ಕುಸಿದು ಬಿಡುತ್ತಿದೆ, ಮತ್ತೆ ಹಿಡಿಯುತ್ತಿದೆ. ಇಳಿದ ಬ್ಯಾಟರಿಯೇ ಇದಕ್ಕೆ ಸಾಮಾನ್ಯ ಕಾರಣ. ಮೋಟರ್ ಜೋರಾಗಿ ಸುತ್ತಿ ಎಂಜಿನ್ ಮಾತ್ರ ಅಲುಗದಿದ್ದರೆ ವಿದ್ಯುತ್ತಿನ ತಪ್ಪಲ್ಲ, ಬೆಂಡಿಕ್ಸ್ ಜಾರುತ್ತಿದೆ ಅಥವಾ ಫ್ಲೈವ್ಹೀಲಿನ ಹಲ್ಲು ಸವೆದಿದೆ. ಅಲ್ಲಿ ಮೀಟರ್ ಒಳಗಿಡಿ.

ಈಗ ಬ್ಯಾಟರಿ. ಕೆಲವು ಗಂಟೆ ಸುಮ್ಮನಿದ್ದ, ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುಪಾಲು ಖಾಲಿ. ಈಗಷ್ಟೇ ಚಾರ್ಜರಿನಿಂದ ಇಳಿಸಿದ್ದರೆ ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆಮೇಲೆ ಅಳೆಯಿರಿ, ಇಲ್ಲದಿದ್ದರೆ ಮೇಲ್ಮೈ ಚಾರ್ಜು ಸುಳ್ಳು ಹೇಳುತ್ತದೆ. ನೀರು ಹಾಕುವ ಮುಚ್ಚಳಗಳಿದ್ದರೆ ಹೈಡ್ರೋಮೀಟರ್ ಬಳಸಿ. ಆರು ಸೆಲ್ಲುಗಳಲ್ಲಿ ಒಂದರ ಆಸಿಡ್ ಸಾಂದ್ರತೆ ಮಾತ್ರ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಸೆಲ್ ಹೋಗಿದೆ, ಎಷ್ಟು ಚಾರ್ಜ್ ಮಾಡಿದರೂ ಅಷ್ಟೇ. ಬ್ಯಾಟರಿಯೇ ಅರ್ಧ ಖಾಲಿಯಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ. ಚಾರ್ಜ್ ಮಾಡಿಯೇ ಮುಂದುವರಿಯಿರಿ. ಅದು ಏಕೆ ಇಳಿಯಿತು, ಆಲ್ಟರ್ನೇಟರ್ ತುಂಬಿಸುತ್ತಿಲ್ಲವೇ ಎಂಬ ಪ್ರಶ್ನೆಯನ್ನು ಬೇರೆ ದಿನಕ್ಕಿಟ್ಟುಕೊಳ್ಳೋಣ.

ಮೀಟರಿನ ಮುಳ್ಳುಗಳನ್ನು ಬ್ಯಾಟರಿಯ ಸೀಸದ ತಲೆಯ ಮೇಲೇ ಒತ್ತಿ, ಕ್ಲ್ಯಾಂಪಿನ ಮೇಲಲ್ಲ. ಜೊತೆಗಾರನಿಗೆ ಕೀ ಹಿಡಿಯಲು ಹೇಳಿ. ಎಂಜಿನ್ ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು ಎಂಬುದು ರೂಢಿಯ ಗೆರೆ. ಇಲ್ಲಿಂದ ದಾರಿ ಕವಲೊಡೆಯುತ್ತದೆ, ಈ ಕವಲನ್ನು ಗಟ್ಟಿಯಾಗಿ ಹಿಡಿಯಿರಿ. ಎಂಜಿನ್ ನಿಧಾನವಾಗಿ ತಿರುಗುತ್ತಿದೆ, ಬ್ಯಾಟರಿ ವೋಲ್ಟೇಜೂ ಎಂಟೋ ಒಂಬತ್ತೋ ಆಗಿದೆ ಎಂದರೆ ಬ್ಯಾಟರಿಗೆ ಶಕ್ತಿ ಇಲ್ಲ, ಇಲ್ಲವೇ ಮೋಟರ್ ಅಥವಾ ಎಂಜಿನ್ ಬಿಗಿಯಾಗಿ ಅತಿಯಾದ ಕರೆಂಟ್ ಎಳೆಯುತ್ತಿದೆ. ಎಂಜಿನ್ ನಿಧಾನ, ಆದರೆ ಬ್ಯಾಟರಿ ಆರಾಮವಾಗಿ 11ರ ಮೇಲೆ ನಿಂತಿದೆ ಎಂದರೆ ಮೋಟರಿಗೆ ಬೇಕಾದಷ್ಟು ಕರೆಂಟ್ ಹೋಗುತ್ತಲೇ ಇಲ್ಲ. ದಾರಿಯಲ್ಲಿ ಏನೋ ಅಡ್ಡ ನಿಂತಿದೆ. ಕ್ಲ್ಯಾಂಪ್ ಮೀಟರ್ ಇದ್ದರೆ ಇದನ್ನೇ ಆಂಪಿಯರಿನಲ್ಲೂ ನೋಡಬಹುದು. ಆದರೆ ಕಡಿಮೆ ಬೆಲೆಯ ಬಹುಪಾಲು ಕ್ಲ್ಯಾಂಪ್ ಮೀಟರುಗಳು ಎಸಿ ಕರೆಂಟನ್ನು ಮಾತ್ರ ಅಳೆಯುತ್ತವೆ. ಡಿಸಿ ಅಳೆಯುತ್ತದೆಯೇ ಎಂದು ಕೇಳಿ ಕೊಳ್ಳಿ.

ಎರಡನೇ ಕವಲಿನ ಒಂದು ಲೆಕ್ಕ ಮಾಡೋಣ. ಬ್ಯಾಟರಿ ಸುಮ್ಮನಿದ್ದಾಗ 12.5, ಕೀ ಹಿಡಿದಾಗ ತಲೆಗಳ ಮೇಲೆ 11.2. ಎಂಜಿನ್ ಮಾತ್ರ ನರಳುತ್ತ ತಿರುಗುತ್ತಿದೆ. ಈಗ ಒಂದು ಮುಳ್ಳು ಸೊಲೆನಾಯ್ಡಿನಿಂದ ಮೋಟರಿಗೆ ಹೋಗುವ ಬೋಲ್ಟಿನ ಮೇಲೆ, ಇನ್ನೊಂದು ಮೋಟರಿನ ಮೈಮೇಲೆ, ಪೇಂಟ್ ಕೆರೆದ ಜಾಗದಲ್ಲಿ. ಕೀ ಹಿಡಿದಾಗ 8.1. ಹಾಗಾದರೆ 3.1 ವೋಲ್ಟ್ ದಾರಿಯಲ್ಲೇ ಕಳೆದುಹೋಗಿದೆ.

ಕಳೆದದ್ದನ್ನು ನೇರವಾಗಿ ಅಳೆಯಬಹುದು, ಇದೇ ಈ ವಿದ್ಯೆಯ ಸೊಗಸು. ಕೆಂಪು ಮುಳ್ಳು ಬ್ಯಾಟರಿಯ ಪ್ಲಸ್ ತಲೆಯ ಮೇಲೆ, ಕಪ್ಪು ಮುಳ್ಳು ಮೋಟರಿನ ಆ ಬೋಲ್ಟಿನ ಮೇಲೆ. ಎರಡೂ ಪ್ಲಸ್ ಕಡೆಯೇ. ಕೀ ಹಿಡಿಯುವ ಮುನ್ನ ಮೀಟರ್ 12 ಚಿಲ್ಲರೆ ತೋರಿಸುತ್ತದೆ, ಗಾಬರಿಯಾಗಬೇಡಿ. ಕಾಂಟ್ಯಾಕ್ಟು ಇನ್ನೂ ಕೂಡಿಲ್ಲ, ಕಪ್ಪು ಮುಳ್ಳಿಗೆ ಮೋಟರಿನ ಮೂಲಕ ಅರ್ತ್ ಸಿಗುತ್ತಿದೆ. ಕೀ ಹಿಡಿದು ಕಾಂಟ್ಯಾಕ್ಟು ಕೂಡಿದೊಡನೆ ಅಂಕಿ ಕುಸಿದು 0.4ಕ್ಕೆ ನಿಲ್ಲುತ್ತದೆ. ದಾರಿ ನಿಜಕ್ಕೂ ಒಳ್ಳೆಯದಿದ್ದರೆ ಸೊನ್ನೆಯ ಹತ್ತಿರವೇ ಇರಬೇಕಿತ್ತು. ಪ್ಲಸ್ ಕಡೆಯ ಒಟ್ಟು ನಷ್ಟ ಅರ್ಧ ವೋಲ್ಟಿನೊಳಗಿದ್ದರೆ ಒಪ್ಪಬಹುದು, 0.4 ಪಾಸು. ಈಗ ಒಂದು ಮುಳ್ಳು ಬ್ಯಾಟರಿಯ ಮೈನಸ್ ತಲೆಗೆ, ಇನ್ನೊಂದು ಮೋಟರಿನ ಮೈಗೆ. ಕೀ ಹಿಡಿದಾಗ 2.7! ಅರ್ತ್ ಕಡೆ 0.2ರಿಂದ 0.3ಕ್ಕಿಂತ ಹೆಚ್ಚು ಇರಬಾರದು. ಲೆಕ್ಕವೂ ಕೂಡಿಬಂತು: 0.4, 8.1, 2.7 ಸೇರಿಸಿದರೆ 11.2. ಹೀಗೆ ಕೂಡಿಬಾರದಿದ್ದರೆ ಯಾವುದೋ ಮುಳ್ಳು ಪೇಂಟಿನ ಮೇಲೆ ಕೂತಿದೆ ಎಂದರ್ಥ.

ಇನ್ನು ಮುಳ್ಳನ್ನು ಮೆಟ್ಟಿಲು ಮೆಟ್ಟಿಲಾಗಿ ಸರಿಸಿ. ಮೈನಸ್ ತಲೆಯಿಂದ ಅದರ ಕ್ಲ್ಯಾಂಪಿಗೆ 0.05. ಕ್ಲ್ಯಾಂಪಿನಿಂದ ಚಾಸಿಸ್ಸಿಗೆ 0.1. ಚಾಸಿಸ್ಸಿನಿಂದ ಎಂಜಿನ್ ಬ್ಲಾಕಿಗೆ 2.5. ಸಿಕ್ಕಿತು. ಎಂಜಿನ್ ಮತ್ತು ಚಾಸಿಸ್ ನಡುವಿನ ಹೆಣೆದ ಪಟ್ಟಿ ಹರಿದಿದೆ, ಅಥವಾ ಅದರ ಬೋಲ್ಟಿನ ಕೆಳಗೆ ತುಕ್ಕೋ, ಯಾರೋ ಬಳಿದ ಹೊಸ ಪೇಂಟೋ ಇದೆ. ಕೆರೆದು ಹೊಳಪು ತರಿಸಿ, ಬಿಗಿದು, ಮತ್ತೆ ಅಳೆದರೆ ಮುಗಿಯಿತು. ಬ್ಯಾಟರಿಯೂ ಬೇಡ, ಮೋಟರ್ ಇಳಿಸುವುದೂ ಬೇಡ. ಕಾರುಗಳಲ್ಲಿ ಈ ಪಟ್ಟಿ ಪೂರ್ತಿ ಹೋದರೆ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಅಥವಾ ಗೇರ್ ಕೇಬಲ್ಲಿನ ಉಕ್ಕಿನ ತಂತಿಯ ಮೂಲಕ ಮರಳಲು ಹೋಗಿ ಅದನ್ನು ಸುಡುತ್ತದೆ. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಗಬೇಡಿ, ಅರ್ತ್ ನೋಡಿ.

ಬ್ಯಾಟರಿ ತಲೆಯ ಮೇಲಿನ ಬಿಳಿ, ಹಸಿರು ಪುಡಿಯನ್ನು ಅಡುಗೆ ಸೋಡ ಕದಡಿದ ಬಿಸಿನೀರಿನಿಂದ ತೊಳೆಯಬಹುದು, ಸೋಡ ನೀರು ಸೆಲ್ಲಿನೊಳಗೆ ಇಳಿಯದಂತೆ ಮುಚ್ಚಳ ಬಿಗಿದಿರಲಿ. ಒಣಗಿಸಿ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಮೊದಲೇ ಸವರಿ ಆಮೇಲೆ ಕ್ಲ್ಯಾಂಪ್ ಕೂರಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಲೋಹಕ್ಕೆ ಲೋಹ ತಾಗಲಿ. ಕೇಬಲ್ ತುದಿಯ ಲಗ್ಗಿನ ಬಳಿ ಪ್ಲಾಸ್ಟಿಕ್ ಉಬ್ಬಿದ್ದರೆ ಒಳಗೆ ತಾಮ್ರ ಕೊಳೆತಿದೆ, ತೊಳೆದು ಪ್ರಯೋಜನವಿಲ್ಲ, ಕೇಬಲ್ಲೇ ಬದಲಾಗಬೇಕು.

ಟಕ್ ಸದ್ದೇ ಬಾರದಿದ್ದಾಗ ಟರ್ಮಿನಲ್ 50ರ ಮೇಲೆ ಒಂದು ಮುಳ್ಳು, ಮೋಟರಿನ ಮೈಮೇಲೆ ಒಂದು. ಕೀ ಹಿಡಿದಾಗ ಅಲ್ಲಿ ಬ್ಯಾಟರಿಗಿಂತ ಒಂದು ವೋಲ್ಟಿಗೂ ಹೆಚ್ಚು ಕಡಿಮೆಯಿದ್ದರೆ ಸಣ್ಣ ದಾರಿಯನ್ನು ಹಿಂದಕ್ಕೆ ಹಿಡಿದು ಹೋಗಿ: ನ್ಯೂಟ್ರಲ್ ಸ್ವಿಚ್, ಕ್ಲಚ್ ಸ್ವಿಚ್, ರಿಲೇ, ಕೀ, ಫ್ಯೂಸು. ಯಾವ ಜಾಗದ ಒಂದು ಬದಿಯಲ್ಲಿ ವೋಲ್ಟ್ ಇದ್ದು ಇನ್ನೊಂದು ಬದಿಯಲ್ಲಿ ಇಲ್ಲವೋ ಅದೇ ಕಳ್ಳ. ಇಲ್ಲಿ ನಾನು ಮೀಟರಿಗಿಂತ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿದ ಟೆಸ್ಟ್ ಲ್ಯಾಂಪನ್ನೇ ಹೆಚ್ಚು ನಂಬುತ್ತೇನೆ, ಅದು ಸುಮಾರು ಎರಡು ಆಂಪಿಯರ್ ಕೇಳುವುದರಿಂದ ಸುಳ್ಳು ವೋಲ್ಟೇಜಿಗೆ ಉರಿಯುವುದಿಲ್ಲ. ಎಂಜಿನ್ ಕಂಪ್ಯೂಟರಿಗೆ ಸೇರಿದ ತಂತಿಗಳಿಗೆ ಮಾತ್ರ ಈ ಲ್ಯಾಂಪ್ ತಾಗಿಸಬೇಡಿ. ರಿಲೇ ಇಲ್ಲದ ಹಳೆಯ ಗಾಡಿಗಳಲ್ಲಿ ಸೊಲೆನಾಯ್ಡ್ ಸೆಳೆಯುವ ಕ್ಷಣದ ಹತ್ತಾರು ಆಂಪಿಯರ್ ಪೂರ್ತಿ ಕೀಯ ಮೂಲಕವೇ ಹೋಗಿ, ಒಳಗಿನ ಕಾಂಟ್ಯಾಕ್ಟು ಕರಿಯಾಗುತ್ತದೆ. ಅದಕ್ಕೆ ಪರಿಹಾರ ಡ್ಯಾಶ್‌ಬೋರ್ಡಿನಲ್ಲಿ ತೂತು ಕೊರೆದು ಹಾಕುವ ಪುಶ್ ಬಟನ್ ಅಲ್ಲ, ಸ್ಟಾರ್ಟರಿನ ಹತ್ತಿರ ಒಂದು ಸರಿಯಾದ ರಿಲೇ. ಅದರ 85, 86ಕ್ಕೆ ಕೀಯ ಸಣ್ಣ ಕರೆಂಟ್, 30, 87ರ ಮೂಲಕ ಸೊಲೆನಾಯ್ಡಿನ ದೊಡ್ಡ ಕರೆಂಟ್.

50ಕ್ಕೆ ಪೂರ್ತಿ ವೋಲ್ಟ್ ಬಂದೂ ಸದ್ದಿಲ್ಲ ಎಂದರೆ ಸೊಲೆನಾಯ್ಡ್ ಹೋಯಿತೆಂದು ಹಾರಬೇಡಿ. ಅದರೊಳಗೆ ಎರಡು ಸುರುಳಿಗಳಿವೆ: ಕೊಂತವನ್ನು ಸೆಳೆಯುವುದೊಂದು, ಹಿಡಿದಿಡುವುದೊಂದು. ಹಿಡಿದಿಡುವ ಸುರುಳಿಗೆ ನೇರ ಅರ್ತ್ ಇದೆ. ಸೆಳೆಯುವ ಸುರುಳಿ ಅರ್ತ್ ಪಡೆಯುವುದು ಮೋಟರಿನ ಕಾರ್ಬನ್ ಮೂಲಕ. ಕಾರ್ಬನ್ ಸವೆದು, ಮೋಟರಿನ ತಿರುಗುವ ಭಾಗವಾದ ಆರ್ಮೇಚರಿಗೆ ತಾಗದಿದ್ದರೆ ಸೆಳೆಯುವ ಸುರುಳಿ ಸತ್ತಂತೆಯೇ. ಮೋಟರಿನ ಮೈಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ಸೆಲ್ಫ್ ಎದ್ದುಬಿಡುತ್ತದಲ್ಲ, ಅದರ ಗುಟ್ಟು ಹೆಚ್ಚಾಗಿ ಇದೇ. ತಟ್ಟಿದಾಗ ಕಾರ್ಬನ್ ಕ್ಷಣಕಾಲ ತಾಗುತ್ತದೆ. ಅದು ರಿಪೇರಿಯಲ್ಲ, ಊರು ಸೇರುವ ಉಪಾಯ. ಇನ್ನು, ಬ್ಯಾಟರಿ ಗಟ್ಟಿಯಾಗಿದ್ದೂ ‘ಟರ್ರ್’ ಎನ್ನುತ್ತಿದ್ದರೆ ಹಿಡಿದಿಡುವ ಸುರುಳಿ ಕಡಿದಿದೆಯೇ ನೋಡಿ. ಕಾಂಟ್ಯಾಕ್ಟು ಕೂಡಿದೊಡನೆ ಸೆಳೆಯುವ ಸುರುಳಿಯ ಎರಡೂ ತುದಿಗೆ ಒಂದೇ ವೋಲ್ಟ್ ಬಂದು ಅದು ಸುಮ್ಮನಾಗುತ್ತದೆ, ಹಿಡಿಯುವವರಿಲ್ಲದೆ ಕೊಂತ ಹಿಂದೆ ಸರಿಯುತ್ತದೆ, ಮತ್ತೆ ಸೆಳೆಯುತ್ತದೆ.

ಒಂದೇ ಒಂದು ಗಟ್ಟಿ ‘ಟಕ್’, ಆಮೇಲೆ ಮೌನ. ಆಗ ಸೊಲೆನಾಯ್ಡಿನ ಎರಡು ದೊಡ್ಡ ಬೋಲ್ಟುಗಳ ನಡುವೆ ಅಳೆಯಿರಿ. ಕೀ ಹಿಡಿದಾಗಲೂ 12 ವೋಲ್ಟೇ ಉಳಿದರೆ ಕಾಂಟ್ಯಾಕ್ಟು ಸುಟ್ಟಿದೆ, ಕೊಂತ ಬಡಿದರೂ ದಾರಿ ಕೂಡುತ್ತಿಲ್ಲ. ಸೊನ್ನೆಯ ಹತ್ತಿರ ಇಳಿದರೆ ಕರೆಂಟ್ ಮೋಟರಿನ ಬಾಗಿಲವರೆಗೆ ಬಂದಿದೆ. ಅಲ್ಲಿಗೆ ಬಂದೂ ಮೋಟರ್ ಅಲುಗದಿದ್ದರೆ ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಎಂಜಿನ್ ಕೈಯಲ್ಲಿ ತಿರುಗುತ್ತದೆಯೇ ನೋಡಿ. ಸಿಲಿಂಡರಿಗೆ ನೀರು ಇಳಿದು ಎಂಜಿನ್ನೇ ಹಿಡಿದುಕೊಂಡಿದ್ದರೆ ಸ್ಟಾರ್ಟರನ್ನು ದೂರಿ ಏನು ಫಲ? ಇದಕ್ಕೆ ತಿರುವುಮುರುವಾದ ದೋಷವೊಂದಿದೆ: ಕಾಂಟ್ಯಾಕ್ಟು ಬೆಸೆದುಕೊಂಡು, ಕೀ ತೆಗೆದರೂ ಮೋಟರ್ ಸುತ್ತುತ್ತಲೇ ಇರುವುದು. ಆಗ ಯೋಚಿಸುತ್ತ ನಿಲ್ಲದೆ ಬ್ಯಾಟರಿಯ ಮೈನಸ್ ಕಳಚಿ.

ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತಿದೆ, ಮೋಟರಿನ ಬೋಲ್ಟಿಗೂ ಮೈಗೂ ನಡುವೆ ಪೂರ್ತಿ ವೋಲ್ಟ್ ಸಿಗುತ್ತಿದೆ, ಆದರೂ ಅದು ಏಳುತ್ತಿಲ್ಲ. ಮೋಟರ್ ಇಳಿಸಲು ಈಗ ಕಾರಣ ಸಿಕ್ಕಿತು. ಬಿಚ್ಚಿದಾಗ ಕಾರ್ಬನ್ನಿನ ಉದ್ದ, ಅದರ ಸ್ಪ್ರಿಂಗಿನ ಬಿಗಿ, ಕಮ್ಯುಟೇಟರಿನ ಮೇಲಿನ ಕರಿ, ಬುಷ್ ಸವೆದು ಆರ್ಮೇಚರ್ ಪೋಲಿಗೆ ಉಜ್ಜಿದ ಗುರುತು, ಇಷ್ಟನ್ನು ನೋಡಿ. ಜೋಡಿಸಿದ ಮೇಲೆ ಗಾಡಿಗೆ ಏರಿಸುವ ಮುನ್ನ ಬೆಂಚಿನ ಮೇಲೆ ಒಮ್ಮೆ ಓಡಿಸಿ. ಆದರೆ ವೈಸಿಗೆ ಕಚ್ಚಿಸಿ, ಬಿಗಿ ಮಾಡಿ, ಆಮೇಲೆ ಕರೆಂಟ್ ಕೊಡಿ. ಸುಮ್ಮನೆ ಇಟ್ಟು ಕೊಟ್ಟರೆ ಮೊದಲ ಒದೆತಕ್ಕೇ ಮೋಟರ್ ಬೆಂಚಿನಿಂದ ಹಾರಿ ಕಾಲ ಮೇಲೆ ಬೀಳುತ್ತದೆ.